ಕಟ್ಟಿ ಮ್ಯಾಲ ಬಂದು ಮಾತಾಡವ್ವಾ

ನಮ್ಮವ್ವಗ ಫೋನ್ ಹಚ್ಚಿದರೆ ಮೊದಲ ಮಾತು ಯಾವಾಗಲೂ ಒಂದೇ: "ತಡಿಯೋ, ಕಟ್ಟಿಗೆ ಬರ್ತೇನಿ. ಒಳಗ ಕೇಳಂಗಿಲ್ಲ." ಯರಗುಪ್ಪಿಯ ನಮ್ಮ ಮನೆ ಹಳೇ ಮಾಳಿಗೆ ಮನೆ, ಮಣ್ಣಿನ ಗೋಡೆ ಮೊಳಕ್ಕೂ ದಪ್ಪ. ಹೋದ ಮಳೆಗಾಲ ನಡುರಾತ್ರಿ ಅಪ್ಪನಿಗೆ ಎದೆನೋವು ಬಂದಾಗ ಅವ್ವ ಅದೇ ಕಟ್ಟೆಯ ಮೇಲೆ, ಮಳೆಯಲ್ಲಿ ನಿಂತು ಫೋನ್ ಹಚ್ಚಿದಳು. ಐದನೇ ಸಲಕ್ಕೆ ಲೈನ್ ಸಿಕ್ಕಿತು. ಅಪ್ಪ ಈಗ ಆರಾಮ ಇದ್ದಾನೆ. ನನ್ನ ಸಿಟ್ಟು ಮಾತ್ರ ಆರಿಲ್ಲ.

ಬೆಂಗಳೂರಿನ ಆಫೀಸಿನಲ್ಲಿ ಹೇಳಿದರೆ, "5ಜಿ ಫೋನ್ ಕೊಡಿಸಪ್ಪ, ಮುಗೀತು" ಅಂತಾರೆ. ಬಿಇ ಓದಿದವರೇ ಹೀಗಂದರೆ ಏನನ್ನೋದು? ಮೊಮ್ಮಗಳ ಮುಖ ನೋಡಲಿ ಅಂತ ಅವ್ವನಿಗೆ 4ಜಿ ಫೋನ್ ಕೊಡಿಸಿದವನು ನಾನೇ. ಕಟ್ಟೆಯ ಮೇಲೆ ಅದು ಹಿಡಿಯೋದು 2300 ಮೆಗಾಹರ್ಟ್ಸ್. ಹೊಸ್ತಿಲು ದಾಟಿದರೆ ಮಾಯ. ಪಕ್ಕದ ಮನೆ ಕಾಕಾನ ಕೀಪ್ಯಾಡ್ ಫೋನು 900ರ 2ಜಿ, ಪಡಸಾಲೆಯಲ್ಲೂ ಮಾತಾಡುತ್ತದೆ. ಇದರಲ್ಲಿ ಪವಾಡ ಏನಿಲ್ಲ. 900ರ ಅಲೆ ಸುಮಾರು 33 ಸೆಂಟಿಮೀಟರ್ ಉದ್ದ, 5ಜಿಯ 3500ರದು ಎಂಟೂವರೆ. ಕಂಪನ ಕಡಿಮೆಯಾದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಸುಲಭವಾಗಿ ದಾಟುತ್ತದೆ.

ಇನ್ನೊಂದು ಸಂಗತಿ. 2ಜಿ ಹುಟ್ಟಿದ್ದೇ ಮಾತಿಗೆ. ಒಂದು ಕರೆಗೆ ಸೆಕೆಂಡಿಗೆ 13 ಕಿಲೋಬಿಟ್ ಸಾಕಿತ್ತು. 4ಜಿ ಹುಟ್ಟಿದ್ದು ಡೇಟಾಕ್ಕೆ. ವೋಎಲ್‌ಟಿಇ ಇದ್ದರೆ ಮಾತೂ ಡೇಟಾ ಪೊಟ್ಟಣವಾಗಿ ಹೋಗುತ್ತದೆ, ಇಲ್ಲದಿದ್ದರೆ ಕರೆಯ ಹೊತ್ತಿಗೆ ಫೋನು 2ಜಿಗೋ 3ಜಿಗೋ ಇಳಿಯಬೇಕು. "2ಜಿ-ಮುಕ್ತ ಭಾರತ" ಅಂತ ಕೂಗುವವರು ಕಾಕಾನಂಥವರ ಏಣಿ ಎಳೀತಿದ್ದಾರೆ.

ಹೊಸದು ಬೇಡ ಅಂತ ನಾನು ಹೇಳ್ತಿಲ್ಲ. 700 ಮೆಗಾಹರ್ಟ್ಸಿನಲ್ಲಿ ವೋಎಲ್‌ಟಿಇ ಕೊಡಿ, ಧ್ವನಿ 2ಜಿಗಿಂತ ಚೊಕ್ಕ. ಆದರೆ ಆ 700ಕ್ಕೆ ಏನಾಯ್ತು? 2016ರ ಹರಾಜಿನಲ್ಲಿ ಸರ್ಕಾರ ಇಟ್ಟ ಮೂಲಬೆಲೆ, ಇಡೀ ದೇಶಕ್ಕೆ ಸೇರಿ, ಮೆಗಾಹರ್ಟ್ಸಿಗೆ 11,485 ಕೋಟಿ ರೂಪಾಯಿ. ಒಬ್ಬರೂ ಕೊಳ್ಳಲಿಲ್ಲ. 2021ರಲ್ಲೂ ಇಲ್ಲ. 2022ರಲ್ಲಿ ಕೊಂಡದ್ದು ಒಂದೇ ಕಂಪನಿ. ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಕೊಳೆತರೆ ಕಣ್ಣಿಗೆ ಕಾಣುತ್ತದೆ. ಹಳ್ಳಿಗೆ ಮುಟ್ಟುವ ಅಲೆ ಆರು ವರ್ಷ ಬಿದ್ದಿದ್ದು ಯಾರಿಗೂ ಕಾಣಲಿಲ್ಲ.

"ಹಳ್ಳಿಯಲ್ಲಿ ಲಾಭ ಇಲ್ಲ" ಅಂತಾರೆ. 1986ರಲ್ಲಿ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಹಾಕಿದ್ದು ನಮ್ಮ ಸೀಮೆಯ ಕಿತ್ತೂರಿನಲ್ಲಿ. ಎಸಿ ಬೇಡ, ಧೂಳು ಬಿಸಿಲು ತಡೀಬೇಕು ಅಂತ, ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಯಂತ್ರ ಅದು. ಆಗ ಆದದ್ದು ಈಗ ಯಾಕೆ ಆಗಬಾರದು? ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಂದಿತು. ಮಾತಷ್ಟೇ ಸಾಕು ಅನ್ನೋರು ಇದ್ದಾರೆ ಅಂತ ಅದಕ್ಕೂ ಗೊತ್ತು.

ನನ್ನ ಬೇಡಿಕೆ ಎರಡು. ನೆಟ್‌ವರ್ಕ್ ಅಳೆಯುವ ಡ್ರೈವ್ ಟೆಸ್ಟ್ ನಡೆಯೋದು ಗಾಡಿಯಲ್ಲಿ, ರಸ್ತೆಯ ಮೇಲೆ. ನಮ್ಮವ್ವ ರಸ್ತೆಯ ಮೇಲೆ ಮಲಗೋದಿಲ್ಲ. ಮಾಳಿಗೆ ಮನೆಯ ಅಡುಗೆಮನೆಯಲ್ಲಿ ನಿಂತು ಅಳೀರಿ. ಎರಡನೇದು, ಅಲ್ಲಿ ಕರೆ ಗಟ್ಟಿಯಾಗಿ ಸಿಗುವ ತನಕ 2ಜಿ ಬಂದ್ ಮಾಡಬ್ಯಾಡ್ರಿ.

ವಿಡಿಯೋ ತಡವಾದರೆ ಯಾರೂ ಸಾಯೋದಿಲ್ಲ. ಮಳ್ಯಾಗ ಕಟ್ಟಿ ಮ್ಯಾಲ ನಿಂತವಳ ಫೋನ್ ಹತ್ತಲಿಲ್ಲ ಅಂದ್ರ, ನಿಮ್ಮ 5ಜಿ ಸ್ಪೀಡ್ ಯಾರಿಗೆ ತೋರಸ್ತೀರಿ?