ಒಂದು ಸಹಿಯಲ್ಲಿ ಹೋಗಬಹುದಾದ ತೆರಿಗೆ ಹಕ್ಕು

ಮಂಡ್ಯ ಜಿಲ್ಲೆಯ ಹಲಗೂರು ದಾಟಿ ಮುತ್ತತ್ತಿಯ ಕಾಡುದಾರಿ ಹಿಡಿದರೆ ಮೊಬೈಲ್ ಸಿಗ್ನಲ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಆದರೂ ಈ ಸುತ್ತಿನ ಹೋಂಸ್ಟೇ, ರೆಸಾರ್ಟುಗಳ ವ್ಯಾಪಾರ ನಿಂತಿರುವುದು ಮೊಬೈಲಿನ ಮೇಲೆಯೇ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು ಕೊಠಡಿ ಹುಡುಕುವುದು, ಮಾಲೀಕರು ಜಾಹೀರಾತು ಹಾಕುವುದು, ಬುಕಿಂಗ್ ಲೆಕ್ಕ ಇಡುವುದು, ಎಲ್ಲವೂ ಅದರಲ್ಲೇ. ಈ ಸೇವೆಗಳಲ್ಲಿ ಎಷ್ಟೋ ಹೊರದೇಶದ ಕಂಪನಿಗಳವು. ನಮ್ಮಿಂದ ಗಳಿಸಿದ ಹಣದ ಮೇಲೆ ಆ ಕಂಪನಿಗಳಿಗೆ ಭಾರತ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆ ದೇಶ-ದೇಶಗಳ ನಡುವಿನ ವ್ಯಾಪಾರ ಮಾತುಕತೆಗಳ ಮುಚ್ಚಿದ ಕೋಣೆ ಸೇರಿದೆ. ಮಳವಳ್ಳಿ, ಮದ್ದೂರಿನ ಕಡೆ ಇದರ ಸುದ್ದಿಯೇ ಇಲ್ಲ. ಇರಬೇಕಾಗಿತ್ತು.

2016ರ ಜೂನ್ 1ರಂದು ಕೇಂದ್ರ ಸರ್ಕಾರ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ ಶೇ 6ರ ‘ಈಕ್ವಲೈಸೇಷನ್ ಲೆವಿ’ ತಂದಿತು. ಜನ ಅದನ್ನು ಗೂಗಲ್ ತೆರಿಗೆ ಎಂದೇ ಕರೆದರು. 2020ರ ಏಪ್ರಿಲ್‌ನಲ್ಲಿ ಆನ್‌ಲೈನಿನಲ್ಲಿ ಸರಕು, ಸೇವೆ ಮಾರುವ ವಿದೇಶಿ ಕಂಪನಿಗಳ ಮೇಲೆ ಶೇ 2ರ ಲೆವಿಯೂ ಬಂತು. ಇಲ್ಲಿ ಕಚೇರಿ ಇಲ್ಲ, ಗೋದಾಮಿಲ್ಲ, ಆದ್ದರಿಂದ ಆದಾಯ ತೆರಿಗೆಯೂ ಇಲ್ಲ ಎನ್ನುತ್ತಿದ್ದ ಕಂಪನಿಗಳನ್ನು ಹಿಡಿಯಲು ಮುಖ್ಯವಾಗಿ ಇದ್ದದ್ದು ಇವೆರಡೇ. ಶೇ 2ರದ್ದು 2024ರ ಆಗಸ್ಟ್ 1ಕ್ಕೆ ರದ್ದಾಯಿತು, ಶೇ 6ರದ್ದು 2025ರ ಏಪ್ರಿಲ್ 1ಕ್ಕೆ. ಆ ಜಾಗಕ್ಕೆ ಬೇರೆ ಏನೂ ಬಂದಿಲ್ಲ.

ಲೆವಿ ಒಳ್ಳೆಯ ಕಾನೂನಾಗಿತ್ತು ಎಂದು ನಾವು ವಾದಿಸುವುದಿಲ್ಲ. ಲಾಭ ನೋಡದೆ ವಹಿವಾಟಿನ ಮೇಲೆ ಬೀಳುತ್ತಿತ್ತು. ಶೇ 6ನ್ನು ಕಟ್ಟಬೇಕಾದವರು ಜಾಹೀರಾತು ಕೊಡುವ ನಮ್ಮವರೇ ಆಗಿದ್ದರಿಂದ ಎಷ್ಟೋ ಸಲ ಹೊರೆ ಅವರ ತಲೆಗೇ ಬರುತ್ತಿತ್ತು. ಆದರೆ ಅದು ಜಾಗತಿಕ ಒಪ್ಪಂದ ಆಗುವವರೆಗಿನ ಏರ್ಪಾಡು. ದೊಡ್ಡ ಕಂಪನಿಗಳ ಲಾಭದ ಒಂದು ಪಾಲನ್ನು ಗ್ರಾಹಕರಿರುವ ದೇಶಗಳಿಗೆ ಹಂಚಬೇಕು ಎಂದು 2021ರ ಅಕ್ಟೋಬರ್‌ನಲ್ಲಿ ನೂರಕ್ಕೂ ಹೆಚ್ಚು ದೇಶಗಳು ಒಪ್ಪಿದ್ದವು. ಆ ಹಂಚಿಕೆ ಜಾರಿಗೆ ಬರಲೇ ಇಲ್ಲ. ಕಾಡಂಚಿನ ಹೊಲದಲ್ಲಿ ರಾಗಿ ಕೊಯ್ಲಿಗೆ ಮೊದಲೇ ಆನೆ ಕಂದಕ ಮುಚ್ಚಿದಂತಾಗಿದೆ ನಮ್ಮ ಸ್ಥಿತಿ.

ಜಿಎಸ್‌ಟಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದನ್ನು ತೆರುವವರು ನಾವು. ಒಂದು ಲೆಕ್ಕ ನೋಡಿ. ಮುತ್ತತ್ತಿ ಬಳಿಯ ಒಂದು ಹೋಂಸ್ಟೇ ಜಿಎಸ್‌ಟಿ ನೋಂದಣಿ ಮಾಡಿಸಿದೆ, ಬುಕಿಂಗ್ ನಿಭಾಯಿಸುವ ವಿದೇಶಿ ಸಾಫ್ಟ್‌ವೇರಿಗೆ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ ಎಂದುಕೊಳ್ಳಿ. ಅದರ ಮೇಲಿನ ಶೇ 18 ಜಿಎಸ್‌ಟಿಯನ್ನು, ಅಂದರೆ 180 ರೂಪಾಯಿಯನ್ನು, ‘ರಿವರ್ಸ್ ಚಾರ್ಜ್’ ಅಡಿ ಮಾಲೀಕರೇ ನಗದಾಗಿ ಕಟ್ಟಬೇಕು. ಮೊದಲು ಅದನ್ನು ಕೊಠಡಿ ಬಾಡಿಗೆಯ ತೆರಿಗೆಯಲ್ಲಿ ಮುರಿದುಕೊಳ್ಳಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು, ಜೊತೆಗೆ ಆ ಇನ್‌ಪುಟ್ ಕ್ರೆಡಿಟ್ಟೂ ಹೋಯಿತು. ಅತಿಥಿಗೆ ಬಾಡಿಗೆ ಅಗ್ಗವಾಗಿದ್ದು ಸಂತೋಷವೇ. ಆದರೆ ಆ 180 ರೂಪಾಯಿ ಈಗ ಮಾಲೀಕರ ಜೇಬಿನದೇ. ಅದೇ 1,000 ರೂಪಾಯಿಯ ಮೇಲೆ ವಿದೇಶಿ ಕಂಪನಿ ಕೊಡಬೇಕಾಗಿದ್ದ ಶೇ 2 ಎಷ್ಟು? 20 ರೂಪಾಯಿ. ಮನ್ನಾ ಆದದ್ದು ಅದು.

2025ರ ಜುಲೈ ನೆನಪಿರಲಿ. ಯುಪಿಐ ದಾಖಲೆ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ನೋಟಿಸ್ ಕಳಿಸಿತು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ ಒಟ್ಟು ವಹಿವಾಟು ನೋಡಿ ಲಕ್ಷಗಟ್ಟಲೆ ಬೇಡಿಕೆ ಬಂತು ಎಂದು ವ್ಯಾಪಾರಿಗಳು ಕ್ಯುಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ಕೊನೆಗೆ ಮುಖ್ಯಮಂತ್ರಿಯವರೇ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎನ್ನಬೇಕಾಯಿತು. ಗೂಗಲ್ ತೆರಿಗೆ ರದ್ದಾಗಿ ಆಗಿನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ. ಕಣ್ಣಿಗೆ ಕಾಣುವವನನ್ನು ಹಿಡಿಯುವುದು ಸುಲಭ, ಬಿಡಿ.

ಕೋರ್ಟಿನ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ, ಆ ಕತೆಯ ಬಹುಪಾಲು ನಡೆದದ್ದು ಬೆಂಗಳೂರಿನಲ್ಲೇ. ವಿದೇಶಿ ಸಾಫ್ಟ್‌ವೇರಿಗೆ ಕೊಡುವ ಹಣ ರಾಯಧನ, ಅದಕ್ಕೆ ಇಲ್ಲಿ ತೆರಿಗೆ ಉಂಟು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗೂಗಲ್ ಇಂಡಿಯಾ ಐರ್ಲೆಂಡಿಗೆ ಕಳಿಸಿದ ಜಾಹೀರಾತು ಹಣವನ್ನು ಬೆಂಗಳೂರಿನ ಆದಾಯ ತೆರಿಗೆ ನ್ಯಾಯಮಂಡಳಿ 2017ರಲ್ಲಿ ರಾಯಧನ ಎಂದಿತು, ಹೈಕೋರ್ಟಿಗೆ ಹೋಗಿ ಮರಳಿ ಬಂದ ಮೇಲೆ 2022ರಲ್ಲಿ ಅಲ್ಲ ಎಂದಿತು. ಇಲ್ಲಿ ಗಣನೀಯ ವ್ಯವಹಾರವಿದ್ದರೆ ಕಚೇರಿ ಇಲ್ಲದಿದ್ದರೂ ತೆರಿಗೆ ಎಂಬ ನಿಯಮ ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿದೆ. ಎರಡು ಕೋಟಿ ರೂಪಾಯಿ ವಹಿವಾಟು ಅಥವಾ ಮೂರು ಲಕ್ಷ ಬಳಕೆದಾರರು ಸಾಕು. ಆದರೆ ಅಮೆರಿಕ, ಐರ್ಲೆಂಡ್, ನೆದರ್ಲೆಂಡ್ಸ್ ಜೊತೆಗಿನ ದ್ವಿತೆರಿಗೆ ಒಪ್ಪಂದಗಳ ಮುಂದೆ ಅದು ಮಂಕಾಗುತ್ತದೆ.

ಇನ್ನು ಮುಖ್ಯ ಆತಂಕ. ನಮ್ಮ ಲೆವಿ ಅಮೆರಿಕದ ಕಂಪನಿಗಳಿಗೆ ತಾರತಮ್ಯ ಮಾಡುತ್ತದೆ ಎಂದು 2021ರ ಜನವರಿಯಲ್ಲಿ ಅಮೆರಿಕ ಸಾರಿತು, ಅದೇ ವರ್ಷ ನಮ್ಮ ರಫ್ತಿನ ಮೇಲೆ ಶೇ 25ರ ಸುಂಕದ ಬೆದರಿಕೆಯನ್ನೂ ಹಾಕಿತು. 2025ರ ಜೂನ್‌ನಲ್ಲಿ ಟ್ರಂಪ್ ವ್ಯಾಪಾರ ಮಾತುಕತೆ ಮುರಿದ ಎರಡೇ ದಿನಕ್ಕೆ ಕೆನಡಾ ತನ್ನ ಡಿಜಿಟಲ್ ತೆರಿಗೆ ಕೈಬಿಡುವುದಾಗಿ ಹೇಳಿತು. ಮೊದಲ ಕಂತು ಬರುವುದಿತ್ತು ಮರುದಿನ! ಅಕ್ಟೋಬರ್‌ನಲ್ಲಿ ಮಲೇಷ್ಯಾ ಅಮೆರಿಕದ ಕಂಪನಿಗಳಿಗೆ ತಾರತಮ್ಯವಾಗುವ ಡಿಜಿಟಲ್ ತೆರಿಗೆ ಹಾಕುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದುಕೊಟ್ಟಿತು. ಕೆನಡಾದ್ದು ಹಿಂದೆಗೆತ, ನಾಳೆ ಬೇಕೆಂದರೆ ಮತ್ತೆ ತರಬಹುದು. ಮಲೇಷ್ಯಾದ್ದು ಬರಹದಲ್ಲಿ ಕೊಟ್ಟ ಮಾತು. ಭಾರತ ಇದುವರೆಗೆ ಮಾಡಿರುವುದು ಕೆನಡಾದ ಬಗೆಯದು. ಅದು ಮಲೇಷ್ಯಾದ ಬಗೆಗೆ ತಿರುಗಬಾರದು ಎಂಬುದೇ ಈ ಬರಹದ ಕಾಳಜಿ. ವಿದ್ಯುನ್ಮಾನ ರವಾನೆಗಳಿಗೆ ಸುಂಕ ಬೇಡ ಎಂದು 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಒಪ್ಪಿದ ‘ತಾತ್ಕಾಲಿಕ’ ವಿನಾಯಿತಿ ಸಭೆಯಿಂದ ಸಭೆಗೆ ಕಾಲು ಶತಮಾನ ದಾಟಿ ಬಂದದ್ದನ್ನೂ, ಭಾರತ ಇತ್ತೀಚಿನ ವರ್ಷಗಳಲ್ಲಿ ಅದನ್ನು ವಿರೋಧಿಸಿದ್ದನ್ನೂ ಮರೆಯಬಾರದು.

ರಾಜ್ಯದ ಮಟ್ಟದಲ್ಲಿ ಇನ್ನೊಂದು ಸಣ್ಣ ಸೋರಿಕೆಯಿದೆ. ಭಾರತದ ಗ್ರಾಹಕರಿಗೆ ಡಿಜಿಟಲ್ ಸೇವೆ ಮಾರುವ ವಿದೇಶಿ ಕಂಪನಿಗಳು ಇಡೀ ದೇಶಕ್ಕೆ ಜಿಎಸ್‌ಟಿ ನೋಂದಣಿ ಪಡೆಯಬೇಕಾದದ್ದು ಕೇಂದ್ರ ತೆರಿಗೆಯ ಬೆಂಗಳೂರು ಪಶ್ಚಿಮ ಆಯುಕ್ತಾಲಯದಲ್ಲಿ. ಹಾಗೆಂದು ಹಣವೆಲ್ಲ ಕರ್ನಾಟಕಕ್ಕೆ ಬರುವುದಿಲ್ಲ. ರಾಜ್ಯದ ಪಾಲು ನಿರ್ಧಾರವಾಗುವುದು ಗ್ರಾಹಕ ಇರುವ ರಾಜ್ಯದಿಂದ. ಮಳವಳ್ಳಿಯ ಹುಡುಗನೊಬ್ಬ ಕೊಂಡ ಚಂದಾದ ತೆರಿಗೆ ನಮಗೆ ಸಿಗಬೇಕಾದರೆ ಬಿಲ್ಲಿನಲ್ಲಿ ಕರ್ನಾಟಕ ಎಂದಿರಬೇಕು. ಕೆಲವು ಆನ್‌ಲೈನ್ ಮಾರಾಟಗಾರರು ರಾಜ್ಯದ ಹೆಸರನ್ನೇ ಬರೆಯುತ್ತಿಲ್ಲ ಎಂಬ ದೂರಿನ ಮೇಲೆ 2024ರ ಡಿಸೆಂಬರ್ 31ರಂದು ಕೇಂದ್ರ ಸುತ್ತೋಲೆ ಹೊರಡಿಸಬೇಕಾಯಿತು. ಅದರ ಪಾಲನೆಯ ಲೆಕ್ಕವನ್ನು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರ ಕೂರುವ ಸಚಿವರು ಕೇಳಲಿ. ಸಣ್ಣ ಹೋಂಸ್ಟೇಗಳ ರಿವರ್ಸ್ ಚಾರ್ಜ್ ಹೊರೆಯನ್ನೂ ಅಲ್ಲೇ ಎತ್ತಲಿ.

ವ್ಯಾಪಾರ ಒಪ್ಪಂದಕ್ಕೆ ನಮ್ಮಲ್ಲಿ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಸರ್ಕಾರ ಸಹಿ ಹಾಕಿದರೆ ಮುಗಿಯಿತು, ಪೂರ್ತಿ ಪಠ್ಯ ಜನರ ಕೈಗೆ ಸಿಗುವುದು ಆಮೇಲೆ. ಡಿಜಿಟಲ್ ತೆರಿಗೆಯ ಹಕ್ಕನ್ನು ಯಾವ ದೇಶಕ್ಕಾದರೂ ಬರೆದುಕೊಡಲು ಹೊರಟಿದ್ದೀರಾ ಎಂದು ಮಂಡ್ಯದ ಸಂಸದರ ಮೂಲಕ ಸರ್ಕಾರವನ್ನು ಕೇಳಬೇಕಾದ ಹೊತ್ತು ಇದು. ಲೋಕಸಭೆಯಲ್ಲಿ ರಾಜ್ಯದಿಂದ ಇನ್ನೂ ಇಪ್ಪತ್ತೇಳು ಮಂದಿ ಇದ್ದಾರೆ. ಪಕ್ಷ ಯಾವುದಾದರೂ ಸರಿ, ಒಬ್ಬರಾದರೂ ಲಿಖಿತ ಉತ್ತರ ಪಡೆಯಲಿ.