ಪಾಣಿನಿಯು ಯಾವ ಪಕ್ಷದವನು?

ಜನರಾಡಿದುದನ್ನು ಆಡಿದಂತೆಯೇ ಸಂಗ್ರಹಿಸಿ ವರ್ಣಿಸುವುದೇ ಭಾಷಾಶಾಸ್ತ್ರವೆಂಬುವರು ಕೆಲವರು. ಕೆಲವೇ ಸೂತ್ರಗಳಿಂದ ಲೆಕ್ಕವಿಲ್ಲದ ವಾಕ್ಯಗಳನ್ನು ಸಾಧಿಸಿ ತೋರಿಸುವುದೇ ಶಾಸ್ತ್ರವೆಂಬುವರು ಮತ್ತೆ ಕೆಲವರು. ಈ ಎರಡನೆಯ ಪಂಗಡದವರು ಪಾಣಿನಿಯನ್ನು ತಮ್ಮವನೆಂದು ಹೇಳಿಕೊಳ್ಳುವುದುಂಟು. ಅವರ ಮುಖಂಡನಾದ ಚಾಮ್‌ಸ್ಕಿಯು 1965ರ ಗ್ರಂಥದ ಮುನ್ನುಡಿಯಲ್ಲಿಯೇ ಅವನ ಹೆಸರನ್ನೆತ್ತಿರುವನು. ಸುಮಾರು 4,000 ಸೂತ್ರಗಳನ್ನು ಕಟ್ಟಿದವನು ಮತ್ತಾರವನಾದಾನು ಎಂಬುದು ಅವರ ತರ್ಕ.

ಸೂತ್ರಗಳನ್ನು ಎಣಿಸುವುದು ಸುಲಭ, ಓದುವುದು ಬೇರೆ. ವಿಪಾಶಾ ನದಿಯ, ಎಂದರೆ ಈಗಿನ ಬಿಯಾಸ್ ನದಿಯ, ಉತ್ತರ ದಡದ ಬಾವಿಗಳ ಹೆಸರಿಗಾಗಿಯೇ ಪಾಣಿನಿಯು ಒಂದು ಸೂತ್ರವನ್ನು ಮಾಡಿರುವನು. ದತ್ತನು ತೋಡಿಸಿದ ಬಾವಿಗೆ ಎರಡು ದಡಗಳಲ್ಲಿಯೂ ‘ದಾತ್ತ’ವೆಂದೇ ಹೆಸರು. ಭೇದವಿರುವುದು ಸ್ವರದಲ್ಲಿ ಮಾತ್ರ: ಉತ್ತರದವರಿಗೆ ಮೊದಲಕ್ಷರವು ಉದಾತ್ತ, ದಕ್ಷಿಣದವರಿಗೆ ಕೊನೆಯದು. ತನ್ನ ಮನಸ್ಸಿಗೆ ತೋರಿದುದೇ ಪ್ರಮಾಣವೆಂದು ಕೋಣೆಯಲ್ಲಿ ಕುಳಿತವನಿಗೆ ಇದು ಹೊಳೆದೀತೇ? ಬಾವಿಕಟ್ಟೆಯ ಮಾತು ಕಿವಿಗೆ ಬಿದ್ದಿರಬೇಕು.

ಹಾಗೆಂದು ಸಂಗ್ರಹಪಕ್ಷದವರು ಹಿಗ್ಗಬೇಕಾಗಿಲ್ಲ. ಅವರ ಗುರುವಾದ ಬ್ಲೂಮ್‌ಫೀಲ್ಡನು ಅಮೆರಿಕದ ಮೆನೊಮಿನಿ ಜನರ ನುಡಿಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡನು. ಆದರೆ 1939ರಲ್ಲಿ ಅದನ್ನು ವಿವರಿಸುವಾಗ, ಯಾರೂ ಆಡದ ಮೂಲರೂಪಗಳನ್ನು ಕಲ್ಪಿಸಿ, ಅವುಗಳಿಗೆ ಒಂದರ ಬಳಿಕ ಒಂದು ಸೂತ್ರವನ್ನು ಕ್ರಮವಾಗಿ ಹಚ್ಚಿ, ಪಾಣಿನಿಯ ದಾರಿಯಲ್ಲಿಯೇ ನಡೆದನು.