ಪ್ರಶ್ನೆ ಬರ್ಕೊಳ್ಳಿ ಮಕ್ಕಳೇ, ಉತ್ತರ ಬೇಡ

ಶಾಲಾಮಕ್ಕಳ ಕೈಗೆ ಮೈಕು ಬಂದಿದೆ. ಒಳ್ಳೆಯದೇ. ಪ್ರಾಜೆಕ್ಟ್ ಅಂದರೆ ಥರ್ಮಾಕೋಲ್ ತಂದು ಜ್ವಾಲಾಮುಖಿ ಮಾಡುವುದು ಅನ್ನುವ ಕಾಲ ಹೋಯಿತು. ಈಗ ಐದು ನಿಮಿಷದ ವಿಡಿಯೋ ಸುದ್ದಿ, ಅದರಲ್ಲೊಂದು ಸಂದರ್ಶನ ಮಾಡಿಕೊಂಡು ಬನ್ನಿ ಅನ್ನುತ್ತಾರೆ. ಮೊಬೈಲು ಮನೆಮನೆಯಲ್ಲೂ ಇದೆ, ದೊಡ್ಡ ಖರ್ಚಿಲ್ಲ. ಆದರೆ ನಮ್ಮ ಭೇಲೂಪುರದ ಗಲ್ಲಿಗಳಲ್ಲಿ ಇಂಥ ಮೂರ್ನಾಲ್ಕು ತಯಾರಿಗಳನ್ನು ನೋಡಿದ ಮೇಲೆ ನನಗನ್ನಿಸಿದ್ದನ್ನು ಹೇಳಿಬಿಡುತ್ತೇನೆ. ದೊಡ್ಡವರಾದ ನಾವು ಮಕ್ಕಳಿಗೆ ಕಲಿಸುತ್ತಿರುವುದು ಸಂದರ್ಶನದ ನಾಟಕ.

ನೀನು ಬಿ.ಕಾಂ. ಓದಿದ ಬ್ಯಾಂಕಿನವನು, ನಿನಗ್ಯಾಕೆ ಪತ್ರಿಕೋದ್ಯಮದ ಉಸಾಬರಿ ಅಂತ ಕೇಳಬಹುದು. ಸ್ವಾಮಿ, ನನ್ನ ಅರ್ಧ ನೌಕರಿ ಪ್ರಶ್ನೆ ಕೇಳುವುದರಲ್ಲೇ ಕಳೆದಿದೆ. ಸಾಲ ಮಂಜೂರು ಮಾಡುವ ಮುಂಚೆ ಅಂಗಡಿಗೋ, ಮದನಪುರದ ಮಗ್ಗದ ಮನೆಗೋ ಹೋಗಿ ಇನ್‌ಸ್ಪೆಕ್ಷನ್ ಮಾಡಬೇಕು. ಹೋಗುವ ಮೊದಲು ಫೈಲು ಓದಿರಬೇಕು, ಏನು ಕೇಳಬೇಕೆಂದು ಬರೆದುಕೊಂಡಿರಬೇಕು. ಆದರೆ ರಿಪೋರ್ಟನ್ನೂ ಬ್ರಾಂಚಿನಲ್ಲೇ ಬರೆದುಕೊಂಡು ಹೋದರೆ, ಅಲ್ಲಿ ಮಗ್ಗ ಇದೆಯೋ ಇಲ್ಲವೋ ಕಣ್ಣಿಗೇ ಬೀಳುವುದಿಲ್ಲ. ಸಂದರ್ಶನದ ತಯಾರಿಯೂ ಹಾಗೆಯೇ.

ಇತ್ತೀಚಿನ ಒಂದು ಉದಾಹರಣೆ ಕೊಡುತ್ತೇನೆ. ಪರಿಚಯದ ಕನ್ನಡದವರ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು, ಇಬ್ಬರು ಗೆಳತಿಯರ ಜೊತೆ ನೀರಿನ ಬಗ್ಗೆ ಸುದ್ದಿ ಮಾಡಲು ಹೊರಟಳು. ವಿಷಯ ಚೆನ್ನಾಗಿದೆ. ಭೇಲೂಪುರ ಅಂದರೆ ಕಾಶಿಗೆ ನೀರು ಕೊಡುವ ಜಾಗ. ಭದೈನಿಯಲ್ಲಿ ಗಂಗೆಯಿಂದ ಎತ್ತಿದ ನೀರು ಇಲ್ಲಿ ಶುದ್ಧವಾಗಿ ಊರಿಗೆ ಹೋಗುತ್ತದೆ. ಈ ಜಲಕಲ್ ಶುರುವಾದದ್ದು 1892ರಲ್ಲಿ. ಸಂದರ್ಶನಕ್ಕೆ ಅವರು ಆರಿಸಿದ್ದು ಹನುಮಾನ್ ಘಾಟಿನ ಕಡೆ ಹಳೇ ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ ಒಬ್ಬರೇ ಇರುವ ನಮ್ಮೂರ ಕಡೆಯ ಅಜ್ಜಿಯನ್ನು. ಅಜ್ಜಿ ನನಗೂ ಗುರುತಿದ್ದದ್ದರಿಂದ ನಾನೂ ಜೊತೆಗೆ ಹೋಗಿದ್ದೆ.

ಹುಡುಗಿಯ ಕೈಯಲ್ಲಿ ಶಾಲೆಯಿಂದ ಕೊಟ್ಟ ಹಾಳೆ ಇತ್ತು. (ಯಾವ ಶಾಲೆ ಅನ್ನುವುದು ಬೇಡ ಬಿಡಿ.) ಅದರಲ್ಲಿ ಆರು ಪ್ರಶ್ನೆ, ಕೆಳಗೆ ಆರು ಉತ್ತರ, ಎಲ್ಲಾ ಟೈಪ್ ಮಾಡಿದ ಶುದ್ಧ ಹಿಂದಿಯಲ್ಲಿ! ನೀರು ಬರುವುದಿಲ್ಲ, ಅಧಿಕಾರಿಗಳು ಕೇಳುವುದಿಲ್ಲ ಅಂತ ಅಜ್ಜಿ ಹೇಳಬೇಕಿತ್ತು. ಕ್ಯಾಮೆರಾ ನೋಡಿ ಗಾಬರಿಯಾದ ಅಜ್ಜಿ ಹಿಂದಿಯಲ್ಲಿ ಹೇಳಿದ್ದು ಒಂದೇ ಮಾತು, “ಸಬ್ ಠೀಕ್ ಹೈ.” ಮೂರು ಸಲ ಕೇಳಿದರೂ ಅದೇ. ಹುಡುಗಿಗೆ ಬೇಸರವಾಗಿ ಹಾಳೆ ಕೆಳಗಿಟ್ಟು ತನ್ನ ಹರಕು ಮುರುಕು ಕನ್ನಡದಲ್ಲಿ ಕೇಳಿದಳು, “ಅಜ್ಜಿ, ನೀರು ಹೇಗೆ ಬರತ್ತೆ ನಿಮಗೆ?”

“ನೀರು ಬರದೇ ಏನು ಕೂಸೆ, ಕೆಳಗಿನ ನಲ್ಲಿಯಲ್ಲಿ ಬೆಳಗಿನ ಜಾವ ಬರ್ತದೆ. ಮೋಟಾರು ಕೆಟ್ಟು ಕೂತಿದೆ, ಮೇಲೆ ಹೊರೋರು ಯಾರು? ಇಪ್ಪತ್ತೆರಡು ಮೆಟ್ಟಿಲು. ಮೊದಲು ತುಂಬಿದ ಕೊಡ ತರ್ತಿದ್ದೆ, ಈಗ ಅರ್ಧ ಕೊಡ, ಎರಡು ಸಲ.”

ನೋಡಿ, ಸುದ್ದಿ ಅಲ್ಲಿತ್ತು! ಹಾಳೆಯಲ್ಲಿದ್ದ ಉತ್ತರವೂ ತಪ್ಪು, “ಸಬ್ ಠೀಕ್ ಹೈ” ಅನ್ನುವುದೂ ತಪ್ಪು. ನೀರು ಬರುತ್ತಿದೆ, ಆದರೆ ವಯಸ್ಸಾದವರ ಮನೆಗೆ ಹತ್ತುತ್ತಿಲ್ಲ. ಹಾಳೆಯಂತೆ ಹೋಗಿದ್ದರೆ ಸಂಬಂಧವಿಲ್ಲದ ಅಧಿಕಾರಿಯನ್ನು ಬೈದು ಮನೆಗೆ ಬರುತ್ತಿದ್ದರು.

ಹಾಗಂತ ತಯಾರಿಯೇ ಬೇಡ ಅನ್ನುತ್ತಿಲ್ಲ, ಇನ್ನೂ ಜಾಸ್ತಿ ಬೇಕು. 1977ರಲ್ಲಿ ಡೇವಿಡ್ ಫ್ರಾಸ್ಟ್ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಅವರನ್ನು ಟಿವಿಗಾಗಿ ಸಂದರ್ಶಿಸಿದಾಗ ಸುಮಾರು 28 ಗಂಟೆ ರೆಕಾರ್ಡ್ ಆಗಿತ್ತು. ಅದರ ಹಿಂದೆ ಜೇಮ್ಸ್ ರೆಸ್ಟನ್ ಜೂನಿಯರ್ ಅನ್ನುವವರು ಕೂತು ವಾಟರ್‌ಗೇಟ್ ಕಾಲದ ಮಾತುಕತೆಯ ದಾಖಲೆಗಳನ್ನು ಹುಡುಕಿ ತೆಗೆದಿದ್ದರು. ನಿಕ್ಸನ್ ಏನು ಉತ್ತರ ಕೊಡಬೇಕೆಂದು ಯಾರೂ ಬರೆದಿಡಲಿಲ್ಲ, ಏನು ಕೇಳಬೇಕೆಂದು ಬರೆದಿಟ್ಟರು. ತಯಾರಿ ಅಂದರೆ ಅದು.

ನಮ್ಮ ಮಕ್ಕಳಿಗೆ ಇಷ್ಟು ಸಾಕು. ಹಿಂದಿನ ದಿನವೇ ಹೋಗಿ ಪರಿಚಯ ಮಾಡಿಕೊಂಡು, ವಿಡಿಯೋ ಯಾಕೆ, ಯಾರು ನೋಡುತ್ತಾರೆ ಅಂತ ತಿಳಿಸಿ ಒಪ್ಪಿಗೆ ಪಡೆಯಲಿ. ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆ ಬಿಟ್ಟು ಹೇಗೆ, ಯಾಕೆ, ಆಮೇಲೇನಾಯಿತು ಅಂತ ಕೇಳಲಿ. ಒಬ್ಬರು ಕೇಳಲಿ, ಒಬ್ಬರು ಕ್ಯಾಮೆರಾ ನೋಡಲಿ, ಮೂರನೆಯವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಧ್ವನಿ ಪರೀಕ್ಷಿಸಲಿ. ಭೇಲೂಪುರದ ಚೌಮುಹಾನಿಯಲ್ಲಿ ಹಾರ್ನಿನ ಗದ್ದಲದ ನಡುವೆ ನಿಂತು ಮಾಡಿದ ಸಂದರ್ಶನ ಯಾರಿಗೂ ಕೇಳುವುದಿಲ್ಲ. ಒಳಗಿನ ಕೋಣೆ, ಮುಖದ ಮೇಲೆ ಕಿಟಕಿಯ ಬೆಳಕು, ಬಾಯಿಗೆ ಹತ್ತಿರ ಮೈಕು, ಫೋನು ಏರೋಪ್ಲೇನ್ ಮೋಡಿನಲ್ಲಿ. ಮಾತು ಮುಗಿದ ಮೇಲೆ ನಲ್ಲಿ, ಕೊಡ, ಮೆಟ್ಟಿಲುಗಳನ್ನು ಬೇರೆಯಾಗಿ ಚಿತ್ರಿಸಿಕೊಳ್ಳಲಿ. ಉತ್ತರ ನಿಂತಾಗ ಎರಡು ಕ್ಷಣ ಸುಮ್ಮನಿರಲಿ, ನಿಜವಾದ ಮಾತು ಎಷ್ಟೋ ಸಲ ಆಮೇಲೆ ಬರುತ್ತದೆ. ಕೊನೆಯಲ್ಲಿ “ನಾವು ಕೇಳದೆ ಬಿಟ್ಟದ್ದೇನಾದರೂ ಇದೆಯಾ?” ಅಂತ ಕೇಳಲಿ. ಹಾಗೆಯೇ ಇನ್ನೊಂದು ಕಡೆಯವರನ್ನೂ ಕೇಳಬೇಕು. ಇಲ್ಲಿ ಮನೆಯ ಮಾಲೀಕರನ್ನು ಮಾತಾಡಿಸದೆ ಸುದ್ದಿ ಪೂರ್ತಿಯಾಗುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯ ಭಾಷೆ. ಕಷ್ಟವನ್ನು ಜನ ತಮ್ಮ ಭಾಷೆಯಲ್ಲೇ ಹೇಳಿಕೊಳ್ಳುತ್ತಾರೆ. ಪರಭಾಷೆಯಲ್ಲಿ ಎಲ್ಲರೂ ಕ್ಷೇಮ! ನಮ್ಮದೇ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಶುರುವಾದ ಖಬರ್ ಲಹರಿಯಾ ನೋಡಿ. ಹಳ್ಳಿಯ ಹೆಣ್ಣುಮಕ್ಕಳು ಬುಂದೇಲಿಯಲ್ಲಿ ಪತ್ರಿಕೆ ತಂದರು, ಆಮೇಲೆ ಮೊಬೈಲು ಹಿಡಿದು ವಿಡಿಯೋ ವರದಿಗೆ ಇಳಿದರು. ಅವರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಯವರೆಗೂ ಹೋಯಿತು. ಜನರಾಡುವ ಭಾಷೆಯಲ್ಲೇ ಹೋಗಿ ಕೇಳಿದ್ದು ಅವರ ದೊಡ್ಡ ಬಲ ಅಂತ ನನ್ನ ಎಣಿಕೆ. ಕನ್ನಡದಲ್ಲಿ ಮಾತಾಡಿದರೆ ಕ್ಲಾಸಿನವರಿಗೆ ಅರ್ಥವಾಗಬೇಕಲ್ಲ ಅನ್ನುತ್ತೀರಾ? ಕೆಳಗೆ ಹಿಂದಿಯಲ್ಲಿ ಎರಡು ಸಾಲು ಹಾಕಿದರಾಯಿತು.

ಆ ಹುಡುಗಿ ಹಾಗೆಯೇ ಮಾಡಿದಳು. ಆದರೆ ಸ್ಕ್ರಿಪ್ಟಿಗೆ ಹೊಂದುವುದಿಲ್ಲ ಅಂತ ಶಾಲೆಯಲ್ಲಿ ಅಜ್ಜಿಯ ಕನ್ನಡವನ್ನು ಕತ್ತರಿಸಿ, “ಸಬ್ ಠೀಕ್ ಹೈ” ಉಳಿಸಿಕೊಂಡು, ಉಳಿದ ಉತ್ತರಗಳನ್ನು ಇನ್ನೊಬ್ಬ ವಿದ್ಯಾರ್ಥಿನಿಯ ದನಿಯಲ್ಲಿ ಓದಿಸಿದರಂತೆ. ತಿದ್ದಿದ ಚೆಕ್ಕು ಬಂದರೆ ನಾವು ವಾಪಸ್ ಕಳಿಸುತ್ತೇವೆ. ತಿದ್ದಿದ ಮಾತಿಗೆ ಇಲ್ಲಿ ಪೂರ್ತಿ ಅಂಕ!

ಇಪ್ಪತ್ತೆರಡು ಮೆಟ್ಟಿಲು ಯಾರಿಗೂ ಕಾಣದೆ ಹೋಯಿತಲ್ಲ ಅನ್ನುವುದು ಒಂದು ಸಂಕಟ. ಅದಕ್ಕಿಂತ ದೊಡ್ಡದು, ಹದಿನಾಲ್ಕು ವರ್ಷದ ಮಗುವಿಗೆ ಸುದ್ದಿ ಅಂದರೆ ಮೊದಲೇ ಬರೆದಿಟ್ಟದ್ದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು ಅನ್ನುವ ಪಾಠವಾಯಿತಲ್ಲ ಅನ್ನುವುದು. ನಾಳೆ ಇವಳೇ ಟಿವಿಯಲ್ಲಿ ಕೂತರೆ ಯಾರನ್ನು ದೂರೋಣ? ಮೇಷ್ಟ್ರುಗಳಲ್ಲಿ ನನ್ನದೊಂದೇ ಬಿನ್ನಹ. ಸಂದರ್ಶನದಿಂದ ಬಂದ ಮಕ್ಕಳಿಗೆ “ಹೋಗುವ ಮೊದಲು ನಿಮಗೆ ಗೊತ್ತಿಲ್ಲದ ಯಾವ ಸಂಗತಿ ತಿಳಿದು ಬಂದಿರಿ?” ಅಂತ ಕೇಳಿ, ಅದಕ್ಕೇ ಅಂಕ ಕೊಡಿ.

ಊರು ಬಿಟ್ಟು ಬಂದ ನಾವಾದರೂ ಶಾಲೆಗೆ ಕಾಯಬೇಕಾಗಿಲ್ಲ. ಪುಣೆಯೋ ದಿಲ್ಲಿಯೋ ಸೂರತ್ತೋ, ನೀವಿರುವ ಕಡೆ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಬಾಯಿ ಬಿಡದ ಒಂದಾದರೂ ಹಿರಿಯ ಜೀವ ಇರುತ್ತದೆ. ಬರುವ ಭಾನುವಾರ ಮಕ್ಕಳನ್ನು ಅವರ ಹತ್ತಿರ ಕಳಿಸಿ. ಕೈಯಲ್ಲಿ ಐದು ಪ್ರಶ್ನೆ ಇರಲಿ, ಉತ್ತರದ ಜಾಗ ಖಾಲಿ ಇರಲಿ. ಏನಂತೀರಿ?